ಮುಂದಿನ ವರ್ಷದ ಪಾದಕ್ಕೆ ಈ ವರ್ಷದ ಬೂಟು

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿಗೆ ನಾವು ಬಂದ ಮೊದಲ ಚಳಿಗಾಲದ ಒಂದು ಶನಿವಾರ, ವೈಕಾಟೊ ನದಿಯ ಕಡೆಯಿಂದ ಹಬ್ಬಿದ ಮಂಜು ಇನ್ನೂ ಮೈದಾನದಿಂದ ಸರಿಯದಿದ್ದ ಹೊತ್ತಿನಲ್ಲಿ, ಆರೇಳು ವರ್ಷದ ಮಕ್ಕಳು ಇಬ್ಬನಿ ಕೂತ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ರಗ್ಬಿ ಆಡುತ್ತಿದ್ದುದನ್ನು ಕಂಡು ನಾನು ದಂಗಾಗಿ ನಿಂತಿದ್ದೆ. ಪಕ್ಕದಲ್ಲಿದ್ದ ತಂದೆತಾಯಿಯರೆಲ್ಲ ದಪ್ಪ ಜಾಕೆಟ್ಟು ತೊಟ್ಟು ಬಿಸಿ ಕಾಫಿಯ ಲೋಟವನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. ಬೂಟು ಕೊಡಿಸಲಾಗದ ಬಡತನವಲ್ಲ ಅದು; ಇಲ್ಲಿನ ಹಲವು ಪ್ರಾಂತ್ಯಗಳಲ್ಲಿ ತೀರ ಚಿಕ್ಕ ಮಕ್ಕಳು ಬರಿಗಾಲಿನಲ್ಲಿ ಆಡುವುದೇ ರೂಢಿ. ಒಬ್ಬರ ಕಾಲು ಇನ್ನೊಬ್ಬರ ಕೈಯ ಮೇಲೆ ಬಿದ್ದರೂ ಅಳು ಎರಡು ನಿಮಿಷಕ್ಕೆ ನಿಲ್ಲುತ್ತದೆ, ಹಾಗೂ ಮಗುವಿನ ಪಾದ ನೆಲವನ್ನು ತಾನೇ ಓದಲು ಕಲಿಯುತ್ತದೆ ಎಂಬುದು ಅವರ ವಾದ. ಮಲೆನಾಡಿನ ಕೆಸರುಗದ್ದೆ ಓಟದಲ್ಲಿ ಕಾಲ್ಬೆರಳನ್ನು ಕೆಸರಿಗೆ ಊರಿ ಓಡಿದ್ದ ನನಗೆ ಆ ವಾದ ಒಪ್ಪಿಗೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ನನ್ನ ಮಗಳು ಕೂಡ ಹಾಗೆಯೇ, ಸೊಂಟಕ್ಕೆ ಅಂಟಿಸಿದ ಪಟ್ಟಿಯನ್ನು ಕಿತ್ತರೆ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವಿದಂತೆ, ಎಂದು ಲೆಕ್ಕ ಹಾಕುವ ರಿಪ್ಪಾ ರಗ್ಬಿಯಿಂದ ಆರಂಭಿಸಿ, ಕೆಲವು ವರ್ಷ ಬರಿಗಾಲಿನಲ್ಲೇ ಆಡಿದಳು. ಒಂಬತ್ತನೆಯ ವಯಸ್ಸಿಗೆ ಬೂಟು ತೊಡುವ ತಂಡಕ್ಕೆ ಬಡ್ತಿ ಸಿಕ್ಕಾಗ ಅವಳಿಗಿಂತ ಹೆಚ್ಚು ಸಂಭ್ರಮ ನನಗಾಗಿತ್ತು. ತೀರ್ಥಹಳ್ಳಿಯಿಂದ ಬಂದು ಆಗ ನಮ್ಮೊಡನಿದ್ದ ಅಮ್ಮ ಅಂಗಡಿಗೂ ಜೊತೆಯಾದರು. ಮಗಳು ಬೂಟು ತೊಟ್ಟು ನಿಂತಾಗ ಅಮ್ಮ ಬಗ್ಗಿ ಮುಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೆಳೆಯೋ ಹುಡುಗಿ ಕಣೋ, ಇನ್ನೊಂದು ಸೈಜು ದೊಡ್ಡದೇ ತಗೋ, ಮುಂದಿನ ವರ್ಷಕ್ಕೂ ಆಗತ್ತೆ" ಎಂದರು. ನನಗದು ಹೊಸ ಮಾತೇನೂ ಆಗಿರಲಿಲ್ಲ. ಶಾಲೆ ಶುರುವಾಗುವ ಮುನ್ನ ಬಾಟಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಕಪ್ಪು ಷೂ ಕೊಂಡ ಪ್ರತಿ ವರ್ಷವೂ ಅದನ್ನು ಕೇಳಿಯೇ ಬೆಳೆದವನು ನಾನು. ಮೊದಲ ಆರು ತಿಂಗಳು ಮುಂಭಾಗಕ್ಕೆ ಹತ್ತಿ ತುರುಕಿ, ಕೊನೆಯ ಆರು ತಿಂಗಳು ಬೆರಳು ಮಡಿಸಿ ನಡೆದವನು. ದೊಡ್ಡದನ್ನೇ ಕೊಂಡೆವು.

ಅದರ ಫಲ ಎರಡನೆಯ ಪಂದ್ಯದಲ್ಲೇ ಕಾಣಿಸಿತು. ಎಡಕ್ಕೆ ಓಡುತ್ತಿದ್ದವಳು ಥಟ್ಟನೆ ಬಲಕ್ಕೆ ತಿರುಗಲು ಕಾಲೂರಿದಾಗ ಬೂಟು ನೆಲಕ್ಕೆ ಕಚ್ಚಿ ನಿಂತಿತು, ಪಾದ ಮಾತ್ರ ಒಳಗೆ ಜಾರಿ ಮುಂದಕ್ಕೆ ಹೋಯಿತು. ಬಿದ್ದದ್ದು ದೊಡ್ಡದೇನಲ್ಲ. ಆದರೆ ಮನೆಗೆ ಬಂದು ಸಾಕ್ಸು ಬಿಚ್ಚಿದಾಗ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಹೆಬ್ಬೆರಳಿನ ಉಗುರು ಕಪ್ಪಿಡಲು ತೊಡಗಿತ್ತು. ಬೂಟು ಚಿಕ್ಕದಾದರೆ ಉಗುರು ಕಪ್ಪಾಗುತ್ತದೆ ಎಂದು ನಾನು ತಿಳಿದಿದ್ದೆ. ದೊಡ್ಡದಾದರೂ ಆಗುತ್ತದೆ, ಏಕೆಂದರೆ ಪ್ರತಿ ಸಲ ನಿಲ್ಲುವಾಗಲೂ ಪಾದ ಜಾರಿ ಹೋಗಿ ಬೂಟಿನ ಮೂತಿಗೆ ಗುದ್ದಿಕೊಳ್ಳುತ್ತದೆ. ಶಾಲೆಯ ಷೂವಿಗೆ ಇರುವುದು ಮುಂದಕ್ಕೆ ನಡೆಯುವ ಒಂದೇ ಕೆಲಸ. ರಗ್ಬಿ ಬೂಟನ್ನಾದರೋ ಪಕ್ಕಕ್ಕೆ ಎಳೆಯುತ್ತಾರೆ, ಹಿಂದಕ್ಕೆ ತಳ್ಳುತ್ತಾರೆ, ಎರಡೂ ತಂಡದವರು ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಲ್ಲಿ ಇಡೀ ಮೈಭಾರವನ್ನು ಅದರ ಮುಂಗಾಲಿನ ಮೇಲೆ ಹೇರುತ್ತಾರೆ. ಆದ್ದರಿಂದ ಈ ಋತುವಿನ ಪಾದಕ್ಕೆ ಈ ಋತುವಿನಲ್ಲೇ ಸರಿಹೊಂದುವ ಬೂಟನ್ನು ಕೊಳ್ಳಬೇಕು, ಮುಂದಿನ ವರ್ಷದ ಪಾದದ ಚಿಂತೆಯನ್ನು ಮುಂದಿನ ವರ್ಷಕ್ಕೇ ಬಿಡಬೇಕು ಎಂಬುದು ನಾನು ಐದು ಜೊತೆ ಬೂಟು ಬದಲಿಸಿದ ಮೇಲೆ ತಲುಪಿರುವ ನಿಲುವು. ಮಗಳಿಗೆ ಈಗ ಹದಿಮೂರು. ಈ ಏಪ್ರಿಲ್‌ನಲ್ಲಿ ಕೊಂಡದ್ದು ಐದನೆಯ ಜೊತೆ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಪಾದ ಅಳೆಯುವುದು ಒಳ್ಳೆಯದು. ಸಂಜೆಯ ಹೊತ್ತು ಪಾದ ತುಸು ಊದಿಕೊಂಡಿರುತ್ತದೆ, ಆಟದ ನಡುವೆಯೂ ಹಾಗೆಯೇ ಇರುವುದರಿಂದ ಆಗಲೇ ಅಳೆಯಬೇಕು. ನಾನು ನೆಲದ ಮೇಲೆ ಹಾಳೆ ಇಟ್ಟು, ಆಟದ ದಪ್ಪ ಸಾಕ್ಸು ತೊಟ್ಟ ಎರಡೂ ಪಾದಗಳ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆಯುತ್ತೇನೆ. ಎರಡು ಪಾದಗಳು ಒಂದೇ ಅಳತೆಯಲ್ಲಿರುವುದು ಅಪರೂಪ. ದೊಡ್ಡದಾದ ಪಾದವೇ ಲೆಕ್ಕಕ್ಕೆ ಬರಬೇಕು. ಅತಿ ಉದ್ದದ ಬೆರಳಿನ ಮುಂದೆ, ನಿಂತಾಗ, ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಜಾಗ ಇರಬಾರದು, ಬೆಳೆಯುವ ಮಕ್ಕಳಿಗಾದರೂ ಒಂದು ಸೆಂಟಿಮೀಟರನ್ನು ದಾಟಬಾರದು ಎಂದು ನಾನು ಇಟ್ಟುಕೊಂಡಿದ್ದೇನೆ. ಬ್ರಿಟಿಷ್ ಅಳತೆಯ ಒಂದು ಸೈಜು ಎಂದರೆ ಇಂಚಿನ ಮೂರನೆಯ ಒಂದು ಪಾಲು, ಅಂದರೆ ಸುಮಾರು 8.5 ಮಿಲಿಮೀಟರು. ಅಮ್ಮನ ಮಾತಿನಂತೆ ಸರಿಯಾದ ಬೂಟಿನ ಮೇಲೆ ಒಂದು ಸೈಜು ಹೆಚ್ಚಿಸಿದಾಗ ಬೆರಳಿನ ಮುಂದೆ ಎಷ್ಟು ಖಾಲಿ ಜಾಗ ಉಳಿಯಿತೆಂದು ಇದರಿಂದಲೇ ಊಹಿಸಬಹುದು. ಇಲ್ಲಿನ ಅಂಗಡಿಗಳಲ್ಲಿ ಬ್ರಿಟಿಷ್ ಅಳತೆಯೂ ಅಮೆರಿಕದ ಅಳತೆಯೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಒಂದೇ ಪಾದಕ್ಕೆ ಅಮೆರಿಕದ ಅಂಕಿ ದೊಡ್ಡದಾಗಿ ಬರುತ್ತದೆ. ಬೂಟಿನ ನಾಲಿಗೆಯ ಒಳಬದಿಯಲ್ಲಿ ಸೆಂಟಿಮೀಟರಿನ ಅಂಕಿಯನ್ನೂ ಕೆಲವು ಕಂಪನಿಗಳು ಅಚ್ಚು ಹಾಕಿರುತ್ತವೆ, ಅದಿದ್ದರೆ ಅದನ್ನೇ ನಂಬುವುದು ಲೇಸು.

ಉದ್ದಕ್ಕಿಂತ ಹೆಚ್ಚು ಕಾಡುವುದು ಅಗಲ. ಬಾಲ್ಯವಿಡೀ ಬರಿಗಾಲಿನಲ್ಲೂ ಹವಾಯಿ ಚಪ್ಪಲಿಯಲ್ಲೂ ತಿರುಗಿದ ನನ್ನ ಪಾದ ಬೆರಳುಗಳ ಬಳಿ ಬೀಸಣಿಗೆಯಂತೆ ಅಗಲವಾಗಿದೆ. ಮಗಳದು ಹಿಮ್ಮಡಿ ಕಿರಿದು, ಮುಂಭಾಗ ಅಗಲ. ವೇಗದ ಹೆಸರಿನಲ್ಲಿ ತಯಾರಾಗುವ ತೆಳ್ಳನೆಯ ಬೂಟುಗಳು ನಮ್ಮಂಥವರ ಕಿರುಬೆರಳನ್ನು ಮೊದಲ ಹತ್ತು ನಿಮಿಷದಲ್ಲೇ ಹಿಂಡುತ್ತವೆ. ಇದನ್ನು ಕೊಳ್ಳುವ ಮೊದಲೇ ಕಂಡುಹಿಡಿಯಲು ನನಗೆ ತಂಡದ ಕೋಚ್ ಹೇಳಿಕೊಟ್ಟ ಉಪಾಯ ತುಂಬ ಸರಳವಾದದ್ದು: ಬೂಟಿನೊಳಗಿನ ಅಟ್ಟೆಯನ್ನು ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಬೇಕು. ಪಾದದ ಅಂಚು ಅಟ್ಟೆಯ ಹೊರಗೆ ಚಾಚಿಕೊಂಡರೆ ಆ ಬೂಟು, ಎಷ್ಟೇ ಚೆಂದವಿದ್ದರೂ, ಆ ಪಾದದ್ದಲ್ಲ. "ಆಡುತ್ತಾ ಆಡುತ್ತಾ ಹಿಗ್ಗುತ್ತದೆ" ಎಂದು ಮಾರುವವರು ಹೇಳುವ ಸಮಾಧಾನ ಮೆತ್ತನೆಯ ಚರ್ಮಕ್ಕೆ ಸ್ವಲ್ಪ ಮಟ್ಟಿಗೆ ನಿಜ, ಪ್ಲಾಸ್ಟಿಕ್ಕಿನಂಥ ಕೃತಕ ಹೊದಿಕೆಗೆ ಬಹುಮಟ್ಟಿಗೆ ಸುಳ್ಳು.

ಹುಡುಗಿಯರ ಪಾದಕ್ಕಾಗಿಯೇ ರೂಪಿಸಿದ ಬೂಟು ಸಿಗುವುದು ಇಂದಿಗೂ ಕಷ್ಟ ಎಂಬುದು ನನಗೆ ಬೇಸರದ ಸಂಗತಿ. ಬ್ಲ್ಯಾಕ್ ಫರ್ನ್ಸ್ ಎಂದು ಕರೆಯುವ ಇಲ್ಲಿನ ಮಹಿಳಾ ತಂಡ 2022ರಲ್ಲಿ ಈಡನ್ ಪಾರ್ಕಿನಲ್ಲಿ ಇಂಗ್ಲೆಂಡನ್ನು 34–31ರಿಂದ ಸೋಲಿಸಿ ವಿಶ್ವಕಪ್ ಎತ್ತಿದ ದೇಶವಿದು. ಆದರೂ ಅಂಗಡಿಯ ಗೋಡೆಯಲ್ಲಿ ಗಂಡಸರ ಸಾಲು, ಮಕ್ಕಳ ಸಾಲು ಮಾತ್ರ. ಹೆಂಗಸರಿಗಾಗಿಯೇ ಬೂಟು ಮಾಡುವ ಐಡಾ ಸ್ಪೋರ್ಟ್ಸ್‌ನಂಥ ಕಂಪನಿಗಳು ಈಗ ಬಂದಿವೆ. ಅವನ್ನು ತೊಟ್ಟು ನೋಡಲು ನಮ್ಮೂರಿನಲ್ಲಿ ಸಿಗದ್ದರಿಂದ, ತೊಡದೆ ಕೊಳ್ಳಬಾರದೆಂಬ ನನ್ನ ನಿಯಮಕ್ಕೆ ಅಂಟಿಕೊಂಡು, ಮಗಳಿಗೆ ಅಗಲವಾದ ಗಂಡುಮಕ್ಕಳ ಬೂಟನ್ನೇ ಕೊಂಡು ಹಿಮ್ಮಡಿ ಸಡಿಲವಾಗದಂತೆ ಲೇಸನ್ನು ಮೇಲಿನ ತೂತಿನಲ್ಲಿ ಕುಣಿಕೆ ಹಾಕಿ ಬಿಗಿಯುತ್ತೇವೆ.

ಹಿಮ್ಮಡಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಅವಳಿಗೆ ಪ್ರತಿ ಅಭ್ಯಾಸದ ನಂತರವೂ ಹಿಮ್ಮಡಿಯ ಹಿಂಭಾಗದಲ್ಲಿ ನೋವು ಬರುತ್ತಿತ್ತು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅದು ಸೀವರ್ಸ್ ಎಂದು ಕರೆಯುವ, ಎಂಟರಿಂದ ಹದಿನಾಲ್ಕರ ನಡುವೆ ಓಡಾಟದ ಆಟ ಆಡುವ ಮಕ್ಕಳಲ್ಲಿ ಸಾಮಾನ್ಯವಾದ ತೊಂದರೆ ಎಂದು ತಿಳಿಯಿತು. ಹಿಮ್ಮಡಿಯ ಎಲುಬು ಇನ್ನೂ ಬೆಳೆಯುತ್ತಿರುವ ಜಾಗವನ್ನು ಮೀನಖಂಡದಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜು ಸತತವಾಗಿ ಜಗ್ಗುವುದರಿಂದ ಆ ನೋವು ಹುಟ್ಟುತ್ತದೆ. ಸಾಮಾನ್ಯ ಓಟದ ಷೂಗಳಲ್ಲಿ ಹಿಮ್ಮಡಿ ಬೆರಳುಗಳಿಗಿಂತ ತುಸು ಎತ್ತರದಲ್ಲಿರುತ್ತದೆ. ಹೆಚ್ಚಿನ ರಗ್ಬಿ ಬೂಟುಗಳು ಚಪ್ಪಟೆ, ಅಡಿ ತೆಳು, ಮೆತ್ತೆ ಕಡಿಮೆ, ಹೀಗಾಗಿ ಜಗ್ಗಾಟ ಜಾಸ್ತಿ. ಆ ವರ್ಷ ನಾವು ಒಳಗೊಂದು ಹಿಮ್ಮಡಿಯ ಮೆತ್ತೆ ಸೇರಿಸಿದೆವು, ಅಭ್ಯಾಸದ ದಿನಗಳನ್ನು ಕಡಿಮೆ ಮಾಡಿದೆವು. ಆಸಿಕ್ಸ್ ಕಂಪನಿಯ ಕೆಲವು ಬೂಟುಗಳಲ್ಲಿ ಹಿಮ್ಮಡಿಯನ್ನು 10 ಮಿಲಿಮೀಟರು ಎತ್ತರಿಸಿಯೇ ತಯಾರಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆಗಲೇ, ಮತ್ತು ಮುಂದಿನ ಜೊತೆ ಅದೇ ಆಯಿತು. ಅವಳ ವಯಸ್ಸಿನ ಮಕ್ಕಳಿಗೆ ಬೂಟು ಹುಡುಕುವವರು ಬಣ್ಣ ನೋಡುವ ಮೊದಲು ಬೂಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈಗ ಅಡಿಯ ವಿಷಯ. ಬೂಟಿನಡಿಯ ಮೊಳೆಗಳನ್ನು ಇಂಗ್ಲೆಂಡಿನವರು ಸ್ಟಡ್ ಎಂದರೆ ನ್ಯೂಜಿಲೆಂಡಿನವರು ಸ್ಪ್ರಿಗ್ ಎನ್ನುತ್ತಾರೆ. ಬೂಟಿನೊಡನೆ ಎರಕವಾಗಿ ಬರುವ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ಸ್ಪ್ರಿಗ್‌ಗಳು ಒಂದು ಬಗೆ. ತಿರುಪಿ ಕೂರಿಸುವ, ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನ ಸ್ಪ್ರಿಗ್‌ಗಳು ಇನ್ನೊಂದು ಬಗೆ. ಪೆಟ್ಟಿಗೆಯ ಮೇಲೆ ಎಫ್‌ಜಿ ಎಂದಿದ್ದರೆ ಗಟ್ಟಿ ನೆಲಕ್ಕೆ, ಎಸ್‌ಜಿ ಎಂದಿದ್ದರೆ ಮೆದು ನೆಲಕ್ಕೆ, ಎಜಿ ಎಂದಿದ್ದರೆ ಕೃತಕ ಹುಲ್ಲಿಗೆ. ಇದರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವುದು, ಗದ್ದೆ ನೋಡದೆ ಯಾವ ನೇಗಿಲು ಒಳ್ಳೆಯದು ಎಂದು ಕೇಳಿದಂತೆ. ನೆಲ ಮೆದುವಾಗಿದ್ದಾಗ ಉದ್ದನೆಯ ಸ್ಪ್ರಿಗ್ ಮೈಭಾರಕ್ಕೆ ಪೂರ್ತಿ ಒಳಗಿಳಿದು ಅಡಿ ಹುಲ್ಲಿಗೆ ತಾಗುತ್ತದೆ; ಭಾರವೆಲ್ಲ ಅಡಿಯಗಲಕ್ಕೂ ಹರಡುತ್ತದೆ. ಅದೇ ಸ್ಪ್ರಿಗ್ ಗಟ್ಟಿ ನೆಲದಲ್ಲಿ ಒಳಗಿಳಿಯುವುದಿಲ್ಲ. ಆಟಗಾರ ಆರೇಳು ಲೋಹದ ತುದಿಗಳ ಮೇಲೆ, ಮರಗಾಲು ಕಟ್ಟಿಕೊಂಡವನಂತೆ ನಿಂತಿರುತ್ತಾನೆ. ಅಂಗಾಲಿಗೆ ಒಂದೊಂದು ಸ್ಪ್ರಿಗ್ಗೂ ಲೆಕ್ಕ ಸಿಗುವಂತೆ ಚುಚ್ಚುತ್ತದೆ, ಕಣಕಾಲು ಹೊರಳುವ ಅಪಾಯವೂ ಇರುತ್ತದೆ. ತಿರುವುಮುರುವಾಗಿ, ಗಿಡ್ಡ ಸ್ಪ್ರಿಗ್ಗಿನ ಬೂಟು ಕೆಸರಿನಲ್ಲಿ ನಾಲ್ಕು ಹೆಜ್ಜೆಗೇ ಮಣ್ಣು ಮೆತ್ತಿಕೊಂಡು ರೊಟ್ಟಿಯ ಹಂಚಿನಂತೆ ಚಪ್ಪಟೆಯಾಗುತ್ತದೆ.

ನಮ್ಮ ಹ್ಯಾಮಿಲ್ಟನ್ನಿನ ಫಜೀತಿಯೆಂದರೆ ಒಂದೇ ಋತುವಿನಲ್ಲಿ ಎರಡೂ ಬಗೆಯ ನೆಲ ಎದುರಾಗುತ್ತದೆ. ಆಟ ಶುರುವಾಗುವ ಏಪ್ರಿಲ್‌ನಲ್ಲಿ ಬೇಸಿಗೆಯ ಬಿಸಿಲು ಕುಡಿದ ಮೈದಾನ ಇನ್ನೂ ಗಟ್ಟಿಯಾಗಿರುತ್ತದೆ. ಜುಲೈ ಹೊತ್ತಿಗೆ, ಜೌಗನ್ನು ಬಸಿದು ಕಟ್ಟಿದ ಈ ಊರಿನ ನೆಲ ತನ್ನ ಹಳೆಯ ಸ್ವಭಾವವನ್ನು ನೆನಪಿಸಿಕೊಳ್ಳುತ್ತದೆ. ದೊಡ್ಡವರು ಎರಡು ಜೊತೆ ಇಟ್ಟುಕೊಳ್ಳುತ್ತಾರೆ. ಬೆಳೆಯುವ ಮಗುವಿಗೆ ಎರಡು ಜೊತೆ ಕೊಡಿಸುವುದು ನನ್ನ ಮಟ್ಟಿಗೆ ದುಂದು. ಒಂದೇ ಜೊತೆ ಎಂದಾದರೆ ಎರಕದ, ದುಂಡನೆಯ ಸ್ಪ್ರಿಗ್ಗುಗಳಿರುವುದನ್ನೇ ನಾನು ಆರಿಸುತ್ತೇನೆ. ಕೆಸರಿನಲ್ಲಿ ಒಂದೆರಡು ಬಾರಿ ಜಾರಿ ಬಿದ್ದರೆ ಬಟ್ಟೆ ಕೊಳೆಯಾಗುತ್ತದೆ, ಅಷ್ಟೇ. ಬ್ಲೇಡಿನಂತೆ ಚಪ್ಪಟೆಯಾದ ಸ್ಪ್ರಿಗ್‌ಗಳು ನೇರ ಓಟದಲ್ಲಿ ಚೆನ್ನಾಗಿ ಹಿಡಿಯುತ್ತವೆ ನಿಜ, ಆದರೆ ಪಾದ ಊರಿ ದೇಹ ತಿರುಗಿಸುವಾಗ ದುಂಡನೆಯವು ನೆಲದಲ್ಲಿ ಸುಲಭವಾಗಿ ತಿರುಗಿ ಬಿಡಿಸಿಕೊಳ್ಳುತ್ತವೆ. ಬಿಡಿಸಿಕೊಳ್ಳದೆ ಹೋದಾಗ ತಿರುಚುವುದು ಮೊಣಕಾಲು.

ಪಂದ್ಯಕ್ಕೆ ಮೊದಲು ರೆಫರಿ ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ, ಎತ್ತಿಗೆ ಲಾಳ ಹೊಡೆಯುವವನು ಗೊರಸು ನೋಡುವಂತೆ, ಒಬ್ಬೊಬ್ಬರ ಕಾಲನ್ನು ಹಿಂದಕ್ಕೆ ಮಡಿಸಿ ಸ್ಪ್ರಿಗ್ಗುಗಳ ಮೇಲೆ ಅಂಗೈ ಆಡಿಸುತ್ತಾರೆ. ನಿಯಮದ ಪ್ರಕಾರ ಸ್ಪ್ರಿಗ್ 21 ಮಿಲಿಮೀಟರಿಗಿಂತ ಉದ್ದವಿರಬಾರದು. ಎರಕದ ಅಡಿಯಲ್ಲಿ ಹರಿತವಾದ ಅಂಚಾಗಲಿ ಏಣಾಗಲಿ ಇರಬಾರದು. ಬೂಟಿನ ಮೂತಿಯಲ್ಲಿ ಒಂಟಿ ಸ್ಪ್ರಿಗ್ ಇರಲೇಬಾರದು. ಈ ಕೊನೆಯ ನಿಯಮ ನನಗೆ ಗೊತ್ತಾದದ್ದು, ಟೆಕ್ಸಸ್‌ನಲ್ಲಿರುವ ನನ್ನ ತಮ್ಮ ಪ್ರೀತಿಯಿಂದ ಕಳುಹಿಸಿದ ಅಮೆರಿಕನ್ ಫುಟ್‌ಬಾಲ್ ಬೂಟನ್ನು ಮಗಳು ತೊಟ್ಟು ಹೋಗಿ ಪಂದ್ಯ ಶುರುವಾಗುವ ಮುನ್ನವೇ ಹೊರಗೆ ಕುಳಿತ ದಿನ. ಅಂಥ ಬೂಟುಗಳಿಗೆ ಮೂತಿಯಲ್ಲೊಂದು ಮೊಳೆ ಇರುವುದು ಮಾಮೂಲು. ಕೆಳಗೆ ಬಿದ್ದವರ ಮೇಲೆ ಕಾಲಾಡುವ ಆಟದಲ್ಲಿ ಅದು ಏನು ಮಾಡಬಲ್ಲದೆಂದು ವಿವರಿಸಬೇಕಾಗಿಲ್ಲ. ರಗ್ಬಿಯ ಆರಂಭದ ದಿನಗಳಲ್ಲಿ ಎದುರಾಳಿಯ ಮೊಣಕಾಲಿನ ಕೆಳಗೆ ಬೇಕೆಂದೇ ಒದೆಯುವುದು ಆಟದ ಭಾಗವೇ ಆಗಿತ್ತು. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಅದನ್ನು ಕೈಬಿಡಲು ಹೊರಟಾಗ ಬ್ಲ್ಯಾಕ್‌ಹೀತ್ ಕ್ಲಬ್ಬು ಮುನಿಸಿಕೊಂಡು ಹೊರನಡೆಯಿತು. ಮುಂದೆ 1871ರಲ್ಲಿ ಹುಟ್ಟಿದ ರಗ್ಬಿ ಒಕ್ಕೂಟವೂ ಕೊನೆಗೆ ಇಂಥ ಒದೆತವನ್ನು ನಿಷೇಧಿಸಿತು. ಈ ಆಟಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ರಗ್ಬಿ ಶಾಲೆಗೆ ಚೆಂಡು ಹೊಲಿದುಕೊಟ್ಟ ವಿಲಿಯಂ ಗಿಲ್ಬರ್ಟ್ ಕೂಡ ವೃತ್ತಿಯಿಂದ ಬೂಟು ಹೊಲಿಯುವವನೇ. ಇಂದಿಗೂ ಆಟದ ಚೆಂಡುಗಳ ಮೇಲೆ ಅವನ ಹೆಸರಿದೆ, ಬೂಟಿನ ಕೆಲಸ ಮಾತ್ರ ಯಾರಿಗೂ ನೆನಪಿಲ್ಲ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಯಾವಾಗಲೂ "ಯಾವ ಜಾಗದಲ್ಲಿ ಆಡುತ್ತಾಳೆ?" ಎಂಬುದೇ. ಹದಿನೈದು ಜನರ ತಂಡದಲ್ಲಿ ಸ್ಕ್ರಮ್ಮಿಗೆ ಸೇರುವ ಎಂಟು ಮಂದಿ ಫಾರ್ವರ್ಡ್‌ಗಳು, ಅವರ ಹಿಂದೆ ಹರಡಿ ನಿಲ್ಲುವ ಏಳು ಮಂದಿ ಬ್ಯಾಕ್‌ಗಳು. ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ತಳ್ಳುವವರಿಗೆ ಮುಂಗಾಲಿನಡಿ ಆರು, ಹಿಮ್ಮಡಿಯಡಿ ಎರಡು, ಹೀಗೆ ಎಂಟು ಸ್ಪ್ರಿಗ್ಗಿನ ಗಟ್ಟಿಮುಟ್ಟಾದ ಬೂಟು, ಓಡುವವರಿಗೆ ಹಗುರವಾದದ್ದು, ಒದೆಯುವವರಿಗೆ ಚೆಂಡು ತಾಗುವ ಜಾಗ ನುಣುಪಾಗಿರಲೆಂದು ಲೇಸನ್ನು ಪಕ್ಕಕ್ಕೆ ಸರಿಸಿದ್ದು. ದೊಡ್ಡವರ ಆಟದಲ್ಲಿ ಈ ಭೇದಕ್ಕೆ ಅರ್ಥವಿದೆ. ನಮ್ಮ ವೈಕಾಟೊ ಪ್ರಾಂತ್ಯದ ಡಾನ್ ಕ್ಲಾರ್ಕ್‌ಗೆ "ದಿ ಬೂಟ್" ಎಂದೇ ಅಡ್ಡಹೆಸರು. 1959ರಲ್ಲಿ ಡುನೆಡಿನ್ನಿನಲ್ಲಿ ಬ್ರಿಟಿಷ್ ಲಯನ್ಸ್ ತಂಡದ ವಿರುದ್ಧ ಆರು ಪೆನಾಲ್ಟಿ ಒದ್ದು ತನ್ನ ದೇಶವನ್ನು 18–17ರಿಂದ ಗೆಲ್ಲಿಸಿದವನು. ಅವನ ಕಾಲದವರು ನೇರವಾಗಿ ಓಡಿಬಂದು ಮೂತಿಯಿಂದ ಒದೆಯುತ್ತಿದ್ದುದರಿಂದ ಗಟ್ಟಿ ಮೂತಿಯ ಬೂಟೇ ಬೇಕಾಗುತ್ತಿತ್ತು. ಈಗಿನವರು ಪಕ್ಕದಿಂದ ಬಂದು ಪಾದದ ಮೇಲ್ಭಾಗದಿಂದ ಒದೆಯುತ್ತಾರೆ, ಅವರಿಗೆ ಮೂತಿಯ ಹಂಗಿಲ್ಲ. ಇಷ್ಟಾದರೂ ಹದಿಮೂರರ ಹುಡುಗಿಗೆ ಜಾಗ ನೋಡಿ ಬೂಟು ಕೊಳ್ಳುವುದು ನನಗೆ ಸಮ್ಮತವಲ್ಲ. ನನ್ನ ಮಗಳು ಕಳೆದ ವರ್ಷ ಬ್ಯಾಕ್‌ಗಳ ಅಂಚಿನ ಜಾಗವಾದ ವಿಂಗ್‌ನಲ್ಲಿದ್ದಳು, ಈ ವರ್ಷ ಫಾರ್ವರ್ಡ್‌ಗಳಲ್ಲಿ ಒಬ್ಬಳಾದ ಫ್ಲ್ಯಾಂಕರ್. ಎರಡು ಇಂಚು ಎತ್ತರವಾದರೆ ಮುಂದಿನ ವರ್ಷ ಎಲ್ಲಿಗೋ ಕೋಚ್‌ಗೇ ಗೊತ್ತು.

ಮೇಲ್ಹೊದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳುವಾಗಿಯೂ ಬಲವಾಗಿಯೂ ಇರುವ ಕಾಂಗರೂ ಚರ್ಮ ಬಹುಕಾಲ ಒಳ್ಳೆಯ ಬೂಟಿನ ಗುರುತಾಗಿತ್ತು. 2023ರಲ್ಲಿ ನೈಕಿ ಮತ್ತು ಪ್ಯೂಮಾ ಎರಡೂ ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಮಕ್ಕಳ ಬೂಟುಗಳಲ್ಲಿ ಹೆಚ್ಚಿನವು ಕೃತಕ ವಸ್ತುವಿನವೇ. ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತವೆ, ಒಂದು ಋತುವಿಗೆ ಸಾಕು.

ಬೆಂಗಳೂರಿನಲ್ಲಿ ನನ್ನ ಗೆಳೆಯನ ಮಗ ಏಳು ಜನರ ರಗ್ಬಿ ಆಡಲು ಸೇರಿದ್ದಾನೆ. 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡವನ್ನು ಟಿವಿಯಲ್ಲಿ ನೋಡಿ ಹುಟ್ಟಿದ ಆಸೆ ಅದು. ಯಾವ ಬೂಟು ಕೊಡಿಸಲಿ ಎಂದು ಗೆಳೆಯ ಫೋನಿನಲ್ಲಿ ಕೇಳಿದ. ನಾನು ಮೊದಲು ಮೈದಾನದ ಫೋಟೊ ಕಳುಹಿಸಲು ಹೇಳಿದೆ. ಅರ್ಧ ಹುಲ್ಲು, ಅರ್ಧ ಕೆಂಪು ಮಣ್ಣು, ಸಿಮೆಂಟಿನಷ್ಟು ಗಟ್ಟಿ. ಅಂಥ ನೆಲಕ್ಕೆ ಲೋಹದ ಸ್ಪ್ರಿಗ್ ತರಿಸುವುದು ಹಣ ಕೊಟ್ಟು ನೋವು ಕೊಂಡಂತೆ. ಗಿಡ್ಡನೆಯ, ದುಂಡನೆಯ, ಸಂಖ್ಯೆಯಲ್ಲಿ ಹೆಚ್ಚಿರುವ ರಬ್ಬರ್ ಸ್ಟಡ್ಡಿನ ಫುಟ್‌ಬಾಲ್ ಬೂಟೇ ಸಾಕು, ಅಂಗಡಿಯ ಹಾಸುಗಂಬಳಿಯ ಮೇಲಲ್ಲದೆ ಬರಿನೆಲದ ಮೇಲೆ ನಡೆಸಿ ನೋಡು, ಅಂಗಾಲಿಗೆ ಮೊಳೆ ಎಣಿಸಲು ಬಂದರೆ ಬೇಡ ಎಂದೆ. "ಒಂದು ಸೈಜು ದೊಡ್ಡದು ತಗೊಳ್ಳಲಾ ಮಾರಾಯ?" ಎಂದು ಅವನೂ ಕೇಳಿದ.

ಬೂಟಿನ ಆರೈಕೆ ನಮ್ಮ ಮನೆಯಲ್ಲಿ ಮಗಳದೇ ಹೊಣೆ. ಆಟ ಮುಗಿದ ಸಂಜೆ ತಣ್ಣೀರಿನಲ್ಲಿ ಮಣ್ಣು ತೊಳೆದು, ಒಳಗಿನ ಅಟ್ಟೆ ಹೊರತೆಗೆದು, ಹಳೆಯ ಪತ್ರಿಕೆ ತುಂಬಿ ಗ್ಯಾರೇಜಿನಲ್ಲಿ ಇಡುತ್ತಾಳೆ. ಹೀಟರಿನ ಮುಂದೆ ಇಟ್ಟರೆ ಅಂಟು ಬಿಟ್ಟು ಅಡಿ ಬಾಯ್ದೆರೆಯುತ್ತದೆ ಎಂಬುದನ್ನು ಮೂರನೆಯ ಜೊತೆ ನಮಗೆ ಕಲಿಸಿತು. ಕಾಲಿಗೆ ಚಿಕ್ಕದಾದ ಬೂಟುಗಳು ಕ್ಲಬ್ಬಿನ ಬಾಗಿಲಲ್ಲಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ಹೋಗುತ್ತವೆ. ಯಾರಿಗೆ ಹೊಂದುತ್ತದೋ ಅವರು ಒಯ್ಯುತ್ತಾರೆ. ಅವಳ ನಾಲ್ಕನೆಯ ಜೊತೆ ಬಂದದ್ದೂ ಆ ಡಬ್ಬದಿಂದಲೇ, ಬಿಡಿಗಾಸು ಖರ್ಚಿಲ್ಲದೆ. ಇನ್ನೊಬ್ಬರ ಪಾದದ ಅಚ್ಚು ಬಿದ್ದ ಅಟ್ಟೆಯನ್ನು ಮಾತ್ರ ತೆಗೆದು ಹೊಸದು ಹಾಕಿಸಿದೆವು. ಪ್ರತಿ ವರ್ಷ ಬೂಟು ಬದಲಿಸುವುದು ದುಬಾರಿ ಎಂಬ ನನ್ನ ಅಳಲಿಗೆ ಊರಿನವರು ಮೊದಲೇ ಉತ್ತರ ಮಾಡಿಟ್ಟಿದ್ದರು, ನಾನು ನೋಡಿರಲಿಲ್ಲ.

ಕಳೆದ ವಾರ ಅಮ್ಮನಿಗೆ ವಿಡಿಯೊ ಕರೆ ಮಾಡಿದಾಗ ಮಗಳು ಏಪ್ರಿಲ್‌ನ ಪಾದದ ಚಿತ್ರವನ್ನೂ ಜುಲೈನ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ತೋರಿಸಿದಳು. ಎರಡು ಗೆರೆಗಳ ನಡುವೆ ನಾಲ್ಕು ಮಿಲಿಮೀಟರು. ಅಮ್ಮ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿ, "ನಾನು ಹೇಳಿರ್ಲಿಲ್ವಾ, ಬೆಳೀತಾಳೆ ಅಂತ" ಎಂದರು.